ಅಪ್ಪನ ಕುಡಿತ, ಅವ್ವನ ಸಾಕ್ಷಿ

ನಮ್ಮ ಮನೆಯಲ್ಲಿ ಕುಡಿಯುವುದು ಅಂದರೆ ಕಾಫಿ. ಆ ಕ್ರಿಯಾಪದಕ್ಕೆ ಬೇರೆ ಕೆಲಸವೇ ಇರಲಿಲ್ಲ. ‘ಕುಡ್ದ್ರಾ?’ ಅಂದರೆ ಕಾಫಿ ಆಯಿತೇ ಎಂದು. ‘ಕುಡ್ಕಂಡೇ ಹೋಗ್ರೀ’ ಅಂದರೆ ಕಾಫಿ ಮುಗಿಸದೆ ಮೆಟ್ಟಿಲಿಳಿಯಬೇಡಿ ಎಂದು. ಬ್ರಾಂದಿಗೆ, ಸಾರಾಯಿಗೆ ಬೇರೆ ಮಾತೇ ಇತ್ತು: ಹಾಕುವುದು. ‘ಅವ್ನು ಹಾಕ್ಕಂಡ್ ಬಂದವ್ನೆ, ಮಾತಾಡಿಸ್ಬ್ಯಾಡ’ ಎಂದರೆ ಸಣ್ಣ ಮಕ್ಕಳೂ ಬಾಗಿಲ ಹಿಂದೆ ಸರಿಯುತ್ತಿದ್ದವು. ಕುಡಿಯುವವರು ಬೇರೆ, ಹಾಕುವವರು ಬೇರೆ. ಇಷ್ಟು ಸರಳವಾದದ್ದನ್ನು ಹೇಳಬೇಕಾದ ದಿನ, ಹೇಳಬೇಕಾದ ಜಾಗದಲ್ಲಿ ನಾನು ಹೇಳಲಿಲ್ಲ. ಅದಕ್ಕೇ ಇಲ್ಲಿ ಮೊದಲೇ ಹೇಳಿಬಿಟ್ಟಿದ್ದೇನೆ.

ಹೋದ ತಿಂಗಳು ನೆಂಟರ ಗುಂಪಿನಲ್ಲಿ ಯಾರೋ ಒಂದು ವಿಡಿಯೋ ಕಳಿಸಿದರು. ‘ಕುಡುಕ ಗಂಡನ ಮನೆಯಲ್ಲಿ ಈ ತಾಯಿಗೆ ಏನಾಯಿತು? ಕೊನೆಯವರೆಗೂ ನೋಡಿ’ ಎಂದು ಕೆಂಪು ಅಕ್ಷರಗಳಲ್ಲಿ ಇತ್ತು. ಒತ್ತಿದರೆ ನಮ್ಮವ್ವ. ನಲವತ್ತರ ಆಸುಪಾಸಿನ ಅವ್ವ, ಹಸಿರು ಸೀರೆಯುಟ್ಟು, ನಮ್ಮ ಅಂಗಳದ ಕ್ರೋಟನ್ ಕುಂಡಗಳ ಮುಂದೆ ಕುಳಿತು, ನಾನು ಬರೆದುಕೊಟ್ಟಿದ್ದನ್ನು ಒಪ್ಪಿಸುತ್ತಿದ್ದಾಳೆ. ಅಪ್ಪ ತೀರಿಕೊಂಡು ಏಳು ವರ್ಷವಾಯಿತು. ಫೋನಿನಲ್ಲಿ ಇನ್ನೂ ಕುಡಿಯುತ್ತಿದ್ದಾನೆ.

ನನಗೆ ಕೋಪ ಬಂದರೆ ಮೊದಲು ಆಗುವುದು ಭಯ. ಬಿ.ಪಿ. ಏರಿತೇನೋ, ಗುಂಪಿನಲ್ಲಿ ಏನಾದರೂ ಬರೆದರೆ ಯಾರು ಮುನಿಸಿಕೊಳ್ಳುತ್ತಾರೋ, ಈ ಗಲಾಟೆಯಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ. ಸಾಮಾನ್ಯವಾಗಿ ಗ್ಯಾಸ್ ನೋಡಿ ಬರುವಷ್ಟರಲ್ಲಿ ಕೋಪ ಇಳಿದಿರುತ್ತದೆ. ಈ ಸಲ ಎರಡು ಸಲ ನೋಡಿ ಬಂದೆ, ಇಳಿದಿರಲಿಲ್ಲ.

ಅಪ್ಪ ಯಸಳೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದ. ಎಸ್ಟೇಟಿನಲ್ಲಿ ರೈಟರ್ ಅಂದರೆ ಕಥೆ ಬರೆಯುವವನಲ್ಲ. ಇವತ್ತು ಯಾರು ಕೆಲಸಕ್ಕೆ ಬಂದರು, ಯಾವ ತೋಟದಲ್ಲಿ ಹಣ್ಣು ಕುಯ್ದರು, ಸ್ಟೋರಿಗೆ ಎಷ್ಟು ಮೂಟೆ ಹೋಯಿತು ಎಂದು ಬರೆದಿಡುವವನು. ಕೊಯ್ಲಿನ ಕಾಲದಲ್ಲಿ ಸ್ಟೋರಿನ ಬೀಗದ ಕೈ ಅವನ ಸೊಂಟದಲ್ಲಿರುತ್ತಿತ್ತು. ಆ ಬೀಗದ ಕೈಗೆ ಒಂದು ಶಬ್ದವಿತ್ತು. ಅಪ್ಪ ಎಲ್ಲಿದ್ದಾನೆಂದು ಆ ಶಬ್ದದಿಂದ ಗೊತ್ತಾಗುತ್ತಿತ್ತು, ಆ ಬೀಗದ ಕೈಯಿಂದ ಅಪ್ಪ ಎಂಥವನೆಂದು ಊರಿಗೆ ಗೊತ್ತಾಗುತ್ತಿತ್ತು.

ಅವನಿಗೆ ಎರಡು ಚಟ. ಒಂದು ಬೆಲ್ಲದ ಕಾಫಿ, ದಿನಕ್ಕೆ ಏಳೆಂಟು ಲೋಟ. ಬೆಳಿಗ್ಗೆ ಮೊದಲ ಲೋಟ ಇಳಿಯುವವರೆಗೆ ಕೈ ನಿಜವಾಗಿಯೂ ಸಣ್ಣಗೆ ನಡುಗುತ್ತಿತ್ತು. ಇನ್ನೊಂದು ಸಿನಿಮಾ. ಭಾನುವಾರ ಸಂಜೆ ಟಿ.ವಿ.ಯಲ್ಲಿ ಕನ್ನಡ ಸಿನಿಮಾ ಬರುತ್ತಿದ್ದ ಕಾಲ ಅದು. ನಮ್ಮದು ಕಪ್ಪು ಬಿಳುಪಿನ ಟಿ.ವಿ. ಬಿದಿರಿನ ಗಳಕ್ಕೆ ಆಂಟೆನಾ ಕಟ್ಟಿ, ಆ ಗಳವನ್ನು ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ ಮರಕ್ಕೆ ಕಟ್ಟಿದ್ದ. ಗಾಳಿ ಬಂದರೆ ನಾಯಕಿಗೆ ಎರಡು ಮುಖ. ಲೈನಿನ, ಅಂದರೆ ಆಳುಗಳ ಮನೆಸಾಲಿನ, ಜನವೆಲ್ಲ ಜಗಲಿಯಲ್ಲಿ ಕುಳಿತು ನೋಡುತ್ತಿದ್ದರು, ಅಪ್ಪ ಕಂಬಕ್ಕೊರಗಿ ಅಳುತ್ತಿದ್ದ. ಸಿನಿಮಾ ನೋಡಿ ಅಳುವ ಗಂಡಸನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ಅವ್ವನಿಗೆ ಏಳು ತಿಂಗಳ ಮಗು ಹೊಟ್ಟೆಯಲ್ಲೇ ಹೋಯಿತು. ಮೂರು ತಿಂಗಳು ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ಡಾಕ್ಟರು ಟಾನಿಕ್ ಕೊಟ್ಟರು, ನೆಂಟರು ಬುದ್ಧಿ ಕೊಟ್ಟರು. ಆಗ ಬಾಳ್ಳುಪೇಟೆಯಿಂದ ಬಸ್ಸಿನಲ್ಲಿ ಮೂವರು ಹೆಂಗಸರು ಬಂದರು. ಪ್ರಾರ್ಥನೆಯವರು, ಕ್ರೈಸ್ತರು. ನೀರು ಕಾಯಿಸಿ ಅವ್ವನನ್ನು ಮೀಯಿಸಿದರು, ಸಿಕ್ಕುಗಟ್ಟಿದ ತಲೆಯನ್ನು ಒಂದು ಮಧ್ಯಾಹ್ನವಿಡೀ ಕೂತು ಬಿಡಿಸಿದರು. ದೇವರ ಸುದ್ದಿ ಎತ್ತಿದ್ದು ನಾಲ್ಕನೇ ಸಲ ಬಂದಾಗ. ಅವರಲ್ಲಿ ಒಬ್ಬಾಕೆಯ ಅಂಗೈ ಮೆಣಸು ಬಿಡಿಸಿ ಬಿಡಿಸಿ ಕಪ್ಪಾಗಿತ್ತು. ಆ ಕೈ ಅವ್ವನ ನೆತ್ತಿಯ ಮೇಲಿದ್ದದ್ದು ನನಗೆ ಈಗಲೂ ಕಾಣುತ್ತದೆ. ಅವ್ವ ಎದ್ದಳು. ಯಾರ ದೇವರು ಎಬ್ಬಿಸಿದ ಎಂದು ವಾದ ಮಾಡುವ ಆಸೆ ನನಗಿಲ್ಲ. ಎದ್ದಳು, ಅಷ್ಟೆ.

ಇದನ್ನು ಓದಿ ‘ನೋಡಿದ್ರಾ, ಅವರೆಲ್ಲ ಹಿಂಗೇ’ ಎಂದು ಕೈ ಉಜ್ಜಿಕೊಳ್ಳುವವರು ಇದ್ದಾರೆಂದು ನನಗೆ ಗೊತ್ತು. ಅವರ ಫೋನುಗಳಲ್ಲೂ ಇಂಥವೇ ವಿಡಿಯೋಗಳಿವೆ, ಮಸಾಲೆ ಬೇರೆ ಅಷ್ಟೆ. ನನ್ನ ಕೋಪವನ್ನು ಅವರು ಎರವಲು ಕೇಳುವುದು ಬೇಡ. ನನ್ನ ಕೋಪ ಆ ಮೂವರು ಹೆಂಗಸರ ಮೇಲಲ್ಲ. ಆ ಕೈಗಳು ಮಾಡಿದ ಕೆಲಸದ ಮುಂದೆ ಆಮೇಲೆ ಕ್ಯಾಮೆರಾ ತಂದಿಟ್ಟವರ ಮೇಲೆ.

ಅವ್ವ ಭಾನುವಾರದ ಕೂಟಕ್ಕೆ ಹೋಗತೊಡಗಿದಳು. ಬಾಳ್ಳುಪೇಟೆಯಲ್ಲಿ ಹೈವೇ ಪಕ್ಕದ ಒಂದು ಟೈರ್ ಅಂಗಡಿಯ ಮಹಡಿಯಲ್ಲಿ ಸಭೆ. ಜೊತೆಗೆ ಹೋಗುತ್ತಿದ್ದವಳು ನಾನು. ಪಾಸ್ಟರ್ ಎತ್ತರದ, ಚೆಂದ ಮಾತಾಡುವ ಮನುಷ್ಯ. ಲಾರಿ ಹಾರನ್ ಬಂದಾಗ ನಿಲ್ಲಿಸಿ, ಹೋದ ಮೇಲೆ ಅದೇ ಪದದಿಂದ ಮುಂದುವರಿಸುತ್ತಿದ್ದರು. ಅವರ ಬಾಯಲ್ಲಿ ಒಂದು ಪದ ಸದಾ ಇರುತ್ತಿತ್ತು: ‘ಲೋಕದ್ದು’, ಅಂದರೆ ದೇವರದ್ದಲ್ಲದ್ದು. ಸಿನಿಮಾ ಲೋಕದ್ದು. ರೇಡಿಯೋ ಹಾಡು ಲೋಕದ್ದು. ನಾಟಕ ಲೋಕದ್ದು, ವಾರಪತ್ರಿಕೆಯ ಧಾರಾವಾಹಿ ಲೋಕದ್ದು. ಟಿ.ವಿ. ಅಂತೂ ಲೋಕವನ್ನೇ ಮಡಿಚಿ ಪೆಟ್ಟಿಗೆಯಲ್ಲಿಟ್ಟದ್ದು. ನನಗೆ ಆಗ ಹದಿಮೂರೋ ಹದಿನಾಲ್ಕೋ. ವಾರವಿಡೀ ಯಾವ ಯಾವ ಹಾಡು ಕಿವಿಗೆ ಬಿತ್ತೆಂದು ನೆನಪು ಮಾಡಿಕೊಂಡು ಭಾನುವಾರ ಬೆವರುತ್ತಿದ್ದೆ. ಬಸ್ಸಿನಲ್ಲಿ ಡ್ರೈವರ್ ಹಾಕಿದ ಹಾಡು ನನ್ನ ಪಾಪವೋ ಡ್ರೈವರನದೋ ಎಂಬುದು ಬಹಳ ಕಾಲ ನನ್ನನ್ನು ಕಾಡಿದ ಪ್ರಶ್ನೆ.

ಒಂದು ದಿನ ಅವ್ವ ಟಿ.ವಿ.ಯ ಮಾತು ತೆಗೆದಳು.

‘ನಿಮ್ ಪಾಸ್ಟ್ರು ಬ್ಯಾಡ ಅಂದ್ನಾ?’ ಅಪ್ಪ ಕೇಳಿದ. ‘ಯಾವ ಸಿನಿಮಾ ನೋಡ್ಬುಟ್ಟು ಬೇಜಾರಾಯ್ತಂತೆ ಅವನಿಗೆ?’

‘ತಮಾಸೆ ಬ್ಯಾಡ ಕಣ್ರೀ. ಅದು ಮನೇಲಿದ್ರೆ ನಂಗೆ ಪ್ರಾರ್ಥನೆಗೆ ಕುಂತ್ಕಳಕ್ಕೆ ಆಗಲ್ಲ.’

ಅಪ್ಪ ಲೋಟ ಖಾಲಿ ಮಾಡಿ ಕೆಳಗಿಟ್ಟ. ‘ಸರಿ ಮಾರಾಯ್ತಿ. ನೀನು ಎದ್ದು ಓಡಾಡ್ತಿದೀಯಲ್ಲ. ಪೆಟ್ಟಿಗೆ ಹೋದ್ರೆ ಹೋಗ್ಲಿ.’

ಟಿ.ವಿ.ಯನ್ನು ಕಂಬಳಿಯಲ್ಲಿ ಸುತ್ತಿ, ತಾನೇ ಹೆಗಲ ಮೇಲಿಟ್ಟುಕೊಂಡು ಲೈನಿನ ಮೇಸ್ತ್ರಿಯ ಮನೆಗೆ ಕೊಟ್ಟು ಬಂದ. ಆಮೇಲೆ ಪ್ರತಿ ಭಾನುವಾರ ಸಂಜೆ, ಸರಿಯಾಗಿ ಸಿನಿಮಾ ಶುರುವಾಗುವ ಹೊತ್ತಿಗೆ, ‘ನಾಳೆ ಕೆಲ್ಸದ ವಿಷ್ಯ ಮೇಸ್ತ್ರಿ ಹತ್ರ ಮಾತಾಡ್ಬೇಕು’ ಎಂದು ಹೊರಡುತ್ತಿದ್ದ. ಕೆಲಸದ ವಿಷಯ ಮಾತಾಡಿ ಮೂರು ಗಂಟೆ ಬಿಟ್ಟು ಕಣ್ಣು ಕೆಂಪು ಮಾಡಿಕೊಂಡು ಬರುತ್ತಿದ್ದ. ಅವ್ವ ಏನೂ ಕೇಳದೆ ಕಾಫಿ ಕೊಡುತ್ತಿದ್ದಳು. ಅವರಿಬ್ಬರ ಒಪ್ಪಂದ ಅದು. ಅದರಲ್ಲಿ ಲೋಕಕ್ಕೂ ಜಾಗವಿತ್ತು, ಪ್ರಾರ್ಥನೆಗೂ ಇತ್ತು. ಅಷ್ಟು ಅಚ್ಚುಕಟ್ಟಾದ ಧರ್ಮಸೂಕ್ಷ್ಮವನ್ನು ನಾನು ಆ ಮಹಡಿಯ ಮೇಲೆ ಕೇಳಲಿಲ್ಲ.

ಎರಡು ಸಾವಿರ ಇಸವಿ ದಾಟಿತು. ನಾನು ಸಕಲೇಶಪುರದಲ್ಲಿ ಬಿ.ಎ. ಓದುತ್ತಿದ್ದೆ. ಪಾಸ್ಟರ್ ಯಾವುದೋ ಊರಿಗೆ ತರಬೇತಿಗೆ ಹೋಗಿ ಬಂದರು. ಬಂದವರು ಬೇರೆಯೇ ಆಗಿದ್ದರು. ಮಹಡಿಗೆ ಕೀಬೋರ್ಡ್ ಬಂತು, ಗೋಡೆಗೆ ನೀಲಿ ಪರದೆ ಬಂತು, ಮೂಲೆಯಲ್ಲಿ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಬಂತು. ‘ಮಾಧ್ಯಮ ಸೇವೆ’ ಎಂದು ಅದಕ್ಕೆ ಹೆಸರು. ಸಕಲೇಶಪುರದ ಕೇಬಲ್ಲಿನಲ್ಲಿ ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಗೊತ್ತು ಮಾಡಿಕೊಂಡಿದ್ದರು. ಹೊಸ ಹಾಡುಗಳೂ ಬಂದವು. ಮೊದಲ ಹಾಡಿನ ಎರಡನೇ ಸಾಲಿಗೇ ಅವ್ವ ನನ್ನ ತೊಡೆ ಚಿವುಟಿದಳು.

‘ಇದು ನಿಮ್ಮಪ್ಪ ಹಾಡೋದಲ್ವೇನೇ?’

ಹೌದು. ಮಟ್ಟು ಸಾಕ್ಷಾತ್ ಸಿನಿಮಾದ್ದು. ನಾಯಕಿಯ ಹೆಸರಿದ್ದ ಕಡೆ ಕರ್ತನ ಹೆಸರು ಕೂತಿತ್ತು, ಮಾತ್ರೆ ಸರಿಹೋಗಲೆಂದು ಒಂದು ‘ಓ’ ಹೆಚ್ಚಾಗಿತ್ತು. ನಾನು ಧೈರ್ಯ ಮಾಡಿ ಪಾಸ್ಟರನ್ನು ಕೇಳಿದೆ. ಅವರು ನಕ್ಕರು. ‘ರಾಗ ಎಲ್ಲಾ ದೇವರದ್ದೇ ಸಿಸ್ಟರ್. ಸೈತಾನ ಕದ್ದಿದ್ದ, ನಾವು ವಾಪಸ್ ತಗೊಂಡ್ವಿ.’

ಹಾಗಾದರೆ ಮೇಸ್ತ್ರಿಯ ಮನೆಯಿಂದ ನಮ್ಮ ಟಿ.ವಿ.ಯನ್ನೂ ವಾಪಸ್ ತಗೊಳ್ಳಬಹುದೇ ಎಂದು ಕೇಳಬೇಕಿತ್ತು. ಆರು ವರ್ಷ ನಮ್ಮಪ್ಪ ಕಳ್ಳನ ಹಾಗೆ ಇನ್ನೊಬ್ಬರ ಹೊಸ್ತಿಲಲ್ಲಿ ಕೂತು ಸಿನಿಮಾ ನೋಡಿದ್ದರ ಲೆಕ್ಕ ಯಾರ ತಲೆಗೆ ಎಂದು ಕೇಳಬೇಕಿತ್ತು. ಇಂಥ ಪ್ರಶ್ನೆಗಳು ನನಗೆ ಬಸ್ಸಿನಲ್ಲಿ ವಾಪಸ್ ಬರುವಾಗ ಹೊಳೆಯುತ್ತವೆ. ಕೆಲವು ಇಪ್ಪತ್ತು ವರ್ಷ ತಡವಾಗಿ.

ಆ ಅರ್ಧ ಗಂಟೆಗೆ ಸಾಕ್ಷಿಗಳು ಬೇಕಾಗಿದ್ದವು. ಕೋರ್ಟಿನಲ್ಲಿ ಸಾಕ್ಷಿ ಎಂದರೆ ಕಂಡದ್ದನ್ನು ಕಂಡ ಹಾಗೆ ಹೇಳುವುದು. ಸಭೆಯಲ್ಲಿ ಸಾಕ್ಷಿ ಎಂದರೆ ಮುಂಚೆ ಹೇಗಿದ್ದೆ, ಈಗ ಹೇಗಿದ್ದೇನೆ ಎಂದು ಹೇಳುವುದು. ಅವ್ವನ ಹೆಸರು ಬಂತು. ಪಾಸ್ಟರ್ ನನ್ನನ್ನು ಪಕ್ಕಕ್ಕೆ ಕರೆದರು.

‘ನಿಮ್ಮ ತಾಯಿ ಸಾಕ್ಷಿ ಚೆನ್ನಾಗಿದೆ ಸಿಸ್ಟರ್. ಆದ್ರೆ ‘ಈಗ’ ಗಟ್ಟಿ ಇದೆ, ‘ಮುಂಚೆ’ ವೀಕು. ನೋಡೋರು ರಿಮೋಟ್ ಒತ್ತಿಬಿಡ್ತಾರೆ. ನೀವು ಬರೆಯೋರು. ಸ್ವಲ್ಪ ಗಟ್ಟಿ ಮಾಡಿಕೊಡಿ.’

ನೀವು ಬರೆಯೋರು. ಪ್ರಬಂಧ ಸ್ಪರ್ಧೆಗಳಲ್ಲಿ ಸ್ಟೀಲ್ ಲೋಟ ಗೆದ್ದವಳಿಗೆ ಅಷ್ಟು ಸಾಕಾಯಿತು. ಅಂದೇ ಸಂಜೆ ಅವ್ವನನ್ನು ಕೂರಿಸಿಕೊಂಡು ಹಾಳೆ ತೆಗೆದೆ.

ಅವ್ವ ಹೇಳಿದ್ದು ಇಷ್ಟು: ‘ನಂಗೆ ಮಗು ಹೋಯ್ತು. ಎದ್ದೇಳಕ್ಕೇ ಆಗ್ತಿರ್ಲಿಲ್ಲ. ನಮ್ಮೋರಿಗೆ ಕುಡೀದಿದ್ರೆ ಕೈ ನಡುಗ್ತದೆ ನೋಡು, ಬೆಳಿಗ್ಗೆ ಅವ್ರೇ ಕಾಸ್ಕಂಡು ಕುಡ್ದು, ನಂಗೂ ಒಂದು ಲೋಟ ತಂದು ತಲೆದೆಸೇಲಿ ಇಟ್ಟು ಹೋಗೋರು. ಅದು ಆರೋಗೋದು. ನಂಗೆ ಕುಡಿಯಕ್ಕೂ ಮನ್ಸಿರ್ಲಿಲ್ಲ. ಸಂಜೆ ಬಂದು ನೋಡೋರು, ಏನೂ ಅನ್ನದೆ ಚೆಲ್ಲಿ ಬೇರೆ ತಂದಿಡೋರು.’

ಇದಕ್ಕಿಂತ ಗಟ್ಟಿಯಾದ ‘ಮುಂಚೆ’ ಇನ್ನೇನು ಬೇಕಿತ್ತು? ಈಗ ಅನಿಸುತ್ತದೆ. ಆಗ ನನಗೆ ಅದು ಬರೀ ಅಡುಗೆಮನೆಯ ಮಾತಾಗಿ ಕೇಳಿತು. ನಾನು ಬರೆದದ್ದು: ‘ನನ್ನ ಪತಿ ಕುಡಿತದ ದಾಸರಾಗಿದ್ದರು. ಕುಡಿಯದಿದ್ದರೆ ಅವರ ಕೈಗಳು ನಡುಗುತ್ತಿದ್ದವು. ನನ್ನ ಬದುಕು ಕತ್ತಲೆಯ ಕೂಪವಾಗಿತ್ತು.’

ಅವ್ವ ಅಕ್ಷರ ಕೂಡಿಸಿ ಓದಿದಳು. ಬೆರಳು ಒಂದು ಕಡೆ ನಿಂತಿತು.

‘ಕುಡಿತ ಅಂದ್ರೆ ಕಾಫಿನೂ ಬರ್ತದೇನೇ?’

‘ಬರ್ತದೆ ಕಣವ್ವ. ಬರವಣಿಗೇಲಿ ಹಂಗೇ ಬರೆಯೋದು.’

‘ದಾಸ ಅಂದ್ರೆ?’

‘ಇಷ್ಟ ಪಡೋರು ಅಂತ.’

‘ಹಂಗಾರೆ ಸರಿ’ ಎಂದಳು. ಓದಿದ ಮಗಳು ಹೇಳಿದ್ದು ಸರಿಯಲ್ಲದೆ ಇನ್ನೇನಾದೀತು?

ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ, ಆದರೆ ಗೊತ್ತಿತ್ತು. ಆಡುಮಾತಿನ ‘ಕುಡಿಯೋದು’ ಬರವಣಿಗೆಯ ‘ಕುಡಿತ’ವಾಗುವಾಗ ಲೋಟ ಬಾಟಲಿಯಾಗುತ್ತದೆಂದು ಕನ್ನಡ ಐಚ್ಛಿಕ ಓದುತ್ತಿದ್ದವಳಿಗೆ ತಿಳಿಯದೇ? ಸಾಲು ಚೆನ್ನಾಗಿ ಕೂತಿತ್ತು. ಅದನ್ನು ಕೆಡಿಸಲು ಮನಸ್ಸಾಗಲಿಲ್ಲ. ಸುಳ್ಳೇನೂ ಬರೆದಿಲ್ಲವಲ್ಲ, ಅಪ್ಪ ಕುಡಿಯುವುದು ನಿಜವಲ್ಲವೇ ಎಂದು ಒಳಗೊಬ್ಬಳು ವಕೀಲೆ ಎದ್ದು ನಿಂತಿದ್ದಳು.

ಶೂಟಿಂಗಿಗೆ ಇಬ್ಬರು ಯುವಕರು ಬಂದರು. ಅಪ್ಪ ತೋಟದಲ್ಲಿದ್ದ. ಅವ್ವ ಎರಡು ಸಲ ಹಾಳೆ ಮರೆತು ತನ್ನ ಮಾತಿನಲ್ಲೇ ಹೇಳಿದಳು, ಆ ಎರಡೂ ಸಲ ‘ಕಟ್, ಆಂಟಿ, ಪೇಪರ್‌ನಲ್ಲಿ ಇರೋ ಹಾಗೆ’ ಎಂದರು. ಆಮೇಲೆ ಕಣ್ಣೀರು ಬೇಕೆಂದರು.

‘ಬರ್ತಿಲ್ಲ ಕಣಪ್ಪ’ ಎಂದಳು ಅವ್ವ. ‘ಆಗ ಎಲ್ಲಾ ಅತ್ತು ಮುಗಿಸ್ಬುಟ್ಟಿದೀನಿ.’

ಒಬ್ಬ ಜೇಬಿನಿಂದ ತಲೆನೋವಿನ ಮುಲಾಮು ತೆಗೆದು ಅವಳ ಕಣ್ಣಿನ ಕೆಳಗೆ ಸವರಿದ. ಕಣ್ಣೀರು ಬಂತು. ‘ಸೂಪರ್ ಆಂಟಿ’ ಎಂದ. ಸಿನಿಮಾದವರು ಗ್ಲಿಸರಿನ್ ಹಾಕಿ ಅಳುತ್ತಾರೆ, ಅದೆಲ್ಲ ಮೋಸ ಎಂದು ಇದೇ ಸಭೆಯಲ್ಲಿ ಕೇಳಿದ್ದೆ. ನಾನು ಕ್ರೋಟನ್ ಕುಂಡಗಳನ್ನು ಹಿನ್ನೆಲೆಗೆ ಸರಿಯಾಗಿ ಜೋಡಿಸಿಕೊಡುತ್ತ ನಿಂತಿದ್ದೆ.

ನಮ್ಮ ಮನೆಯಲ್ಲಿ ಟಿ.ವಿ. ಇರಲಿಲ್ಲವಾದ್ದರಿಂದ ಅದು ಕೇಬಲ್ಲಿನಲ್ಲಿ ಬಂದ ಭಾನುವಾರ ನಮಗೆ ಏನೂ ತಿಳಿಯಲಿಲ್ಲ. ಅಪ್ಪ ಸಕಲೇಶಪುರಕ್ಕೆ ಹೋಗಿದ್ದವನು ಕಟಿಂಗ್ ಶಾಪಿನಲ್ಲಿ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕುಳಿತಿದ್ದನಂತೆ. ಎದುರಿನ ಟಿ.ವಿ.ಯಲ್ಲಿ ಹೆಂಡತಿ ಬಂದಳು. ಹಿಂದೆ ಪಿಟೀಲು ಅಳುತ್ತಿತ್ತು. ‘ಕುಡಿತದ ದಾಸರಾಗಿದ್ದರು’ ಎಂದೊಡನೆ ಅವ್ವ ಮರೆಯಾಗಿ ಬೇರೆ ಚಿತ್ರ ಬಂತು. ಸಿಮೆಂಟು ನೆಲದ ಮೇಲೆ ನಿಧಾನವಾಗಿ ಉರುಳುವ ಬಾಟಲಿ. ಚೌಕುಳಿ ಲುಂಗಿಯುಟ್ಟ, ಮೀಸೆಯ ಯಾರೋ ಒಬ್ಬ ತೂರಾಡುತ್ತ ಬಂದು, ಮುಖ ಮುಚ್ಚಿಕೊಂಡ ಹೆಂಗಸಿನ ಮೇಲೆ ಕೈ ಎತ್ತುವುದು. ಎತ್ತಿದ ಕೈ ಗಾಳಿಯಲ್ಲೇ ನಿಂತು, ಮೂರು ಸಲ ಮೂರು ಕಡೆಯಿಂದ ಅದೇ ಕೈ. ಅಪ್ಪ ಅಂಥ ದೃಶ್ಯಗಳನ್ನು ಸಿನಿಮಾದಲ್ಲಿ ನೂರು ನೋಡಿ ಅತ್ತವನು. ಇದರಲ್ಲಿ ಆ ಕೈ ತನ್ನದು.

‘ರೈಟ್ರೇ, ಅದು ನಿಮ್ ಮನೆಯವ್ರಲ್ವಾ?’ ಪಕ್ಕದ ಕುರ್ಚಿಯವನು ಕೇಳಿದನಂತೆ.

‘ಕೆಲ್ಸ ಮುಗ್ಸು ಮಾರಾಯ’ ಎಂದು ಅಪ್ಪ ಕ್ಷೌರಿಕನಿಗೆ ಹೇಳಿದನಂತೆ. ಇದೆಲ್ಲ ಆಮೇಲೆ ಬೇರೆಯವರಿಂದ ತಿಳಿದದ್ದು. ಅಪ್ಪ ಮನೆಗೆ ಬಂದ, ಚೀಲ ಗೂಟಕ್ಕೆ ಹಾಕಿದ. ಅವ್ವ ಕಾಫಿ ತಂದಿಟ್ಟಳು.

‘ಬ್ಯಾಡ.’

‘ಯಾಕ್ರೀ, ಪ್ಯಾಟೇಲಿ ಕುಡ್ದ್ರಾ?’

‘ಇಲ್ಲ. ಕುಡಿಯೋದು ಬಿಟ್ಬುಟ್ಟೆ.’

ಅವ್ವ ನಕ್ಕಳು. ತಮಾಷೆ ಎಂದುಕೊಂಡಳು. ಸಂಜೆಯೂ ಬೇಡವೆಂದ. ಮಾರನೆಯ ಬೆಳಿಗ್ಗೆ ನಡುಗುವ ಕೈಯಲ್ಲೇ ಅಂಗಿಯ ಗುಂಡಿ ಹಾಕಿಕೊಂಡು ಕೆಲಸಕ್ಕೆ ಹೋದ.

ಅದೇ ವಾರ ಹಣ್ಣು ಕುಯ್ಯಲು ಶುರುವಾಗಬೇಕಿತ್ತು. ಬುಧವಾರ ಮೇಸ್ತ್ರಿ ನಮ್ಮ ಅಂಗಳಕ್ಕೆ ಬಂದ. ಎಂದೂ ದನಿ ಎತ್ತದವನು.

‘ಅಮ್ಮಾ, ನೀವು ಹಿಂಗ್ ಹೇಳ್ಬೋದಾ? ಸಾವ್ಕಾರ್ರು ಸ್ಟೋರ್ ಬೀಗದ ಕೈ ಈಸ್ಕಂಡ್ಬುಟ್ರು. ‘ತಪ್ಪು ತಿಳ್ಕಬ್ಯಾಡಿ ರೈಟ್ರೇ, ಈ ಕೊಯ್ಲಿಗೆ ನಮ್ ಭಾವನ ಹತ್ರ ಇರ್ಲಿ’ ಅಂದ್ರು. ಇಷ್ಟು ವರ್ಷದಿಂದ ನೋಡ್ತಿದೀನಿ, ರೈಟ್ರು ಒಂದು ತೊಟ್ಟು ಹಾಕ್ದೋರಲ್ಲ!’

‘ಯಾರು ಹಾಕ್ತಾರೆ ಅಂದೋರು?’

‘ನೀವೇ ಅಂದ್ರಲ್ಲಮ್ಮಾ ಟಿ.ವಿ.ಲಿ! ಕುಡಿತದ ದಾಸ ಅಂತ. ಊರೆಲ್ಲಾ ನೋಡೈತೆ.’

‘ಅಯ್ಯೋ, ಅದು ಕಾಫಿ ಕಣಯ್ಯಾ!’

ಅವ್ವ ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ಹೊಸ್ತಿಲಲ್ಲಿದ್ದೆ. ಅವಳು ಬಯ್ಯಲಿಲ್ಲ. ‘ಬರ್ತದೆ ಅಂದ್ಯಲ್ಲೇ’ ಎಂದಳು. ಅಷ್ಟೆ.

ಮಾರನೆಯ ದಿನ ಕಾಲೇಜಿಗೆಂದು ಹೊರಟವಳು ಬಾಳ್ಳುಪೇಟೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಒಂದೇ ವಾಕ್ಯ ಸಾಕು, ಅದೇ ಅರ್ಧ ಗಂಟೆಯಲ್ಲಿ, ‘ಆ ಸಹೋದರಿಯ ಪತಿ ಮದ್ಯ ಸೇವಿಸುವವರಲ್ಲ’ ಎಂದು. ಪಾಸ್ಟರ್ ತಾಳ್ಮೆಯಿಂದ ಕೇಳಿಸಿಕೊಂಡರು.

‘ಸಿಸ್ಟರ್, ಮೊನ್ನೆ ದೋಣಿಗಲ್ ಕಡೆಯಿಂದ ಒಬ್ಬ ಫೋನ್ ಮಾಡಿದ್ದ. ನಿಮ್ಮ ತಾಯಿ ಸಾಕ್ಷಿ ನೋಡಿ ಬಾಟ್ಲಿ ಒಡೆದು ಹಾಕಿದೀನಿ ಅಂದ. ಅತ್ತ. ಈಗ ಅವನಿಗೆ ಏನಂತ ಹೇಳ್ಲಿ? ಅದು ಕಾಫಿ ಅಂತ ಹೇಳ್ಲಾ?’

ಆ ಮನುಷ್ಯ ನಿಜವಾಗಿ ಇದ್ದನೋ ಇಲ್ಲವೋ, ಇದ್ದಿದ್ದರೆ ಅವನ ಹೆಂಡತಿಗೆ ಒಳ್ಳೆಯದೇ ಆಯಿತಲ್ಲ ಎಂದು ನಾನು ಇಂದಿಗೂ ಚಿಂತಿಸುತ್ತೇನೆ. ಆದರೆ ಒಬ್ಬನ ಬಾಟಲಿ ಒಡೆಯಲು ಇನ್ನೊಬ್ಬನ ಮುಖವೇ ಬೇಕಿತ್ತೇ?

‘ನಮ್ಮಪ್ಪ ಹೆಂಡತಿ ಮೇಲೆ ಕೈ ಎತ್ತಿದೋರಲ್ಲ. ಅದನ್ನ ನಾನು ಬರೆದಿರಲಿಲ್ಲ’ ಎಂದೆ.

‘ಅದು ದೃಶ್ಯ ಸಿಸ್ಟರ್. ಜನಕ್ಕೆ ಅರ್ಥ ಆಗ್ಲಿ ಅಂತ.’ ಅವರು ಡ್ರಾಯರ್ ಎಳೆದು ಒಂದು ಹಾಳೆ ತೆಗೆದು, ಮೇಜಿನ ಮೇಲೆ ಅಂಗೈಯಿಂದ ನೀವಿದರು. ‘ಈ ಅಕ್ಷರ ಯಾರದ್ದು? ನಾವೇನು ಸೇರಿಸಿದೀವಿ? ಇದರಲ್ಲಿ ಇದ್ದದ್ದನ್ನೇ ತೋರಿಸಿದೀವಿ.’

ನನ್ನ ಅಕ್ಷರ. ದುಂಡಗೆ, ಸಾಲು ತಪ್ಪದೆ. ಕರುಬುವಷ್ಟು ಚೆಂದ.

ಆ ಭಾನುವಾರ ಅವ್ವ ಎಂದಿನಂತೆ ಕೂಟಕ್ಕೆ ಹೊರಟಳು. ನಾನೂ ಹಿಂದೆ ಹೋದೆ. ಸಾಕ್ಷಿಯ ಹೊತ್ತು ಬಂದಾಗ ಎದ್ದು ಹೋಗಿ ಮೈಕ್ ಹಿಡಿದಳು. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು.

‘ನಾನು ಟಿ.ವಿ.ಲಿ ಹೇಳಿದ್ದು ಕಾಫಿ ವಿಷ್ಯ’ ಎಂದಳು. ‘ನಮ್ಮೋರು ಹಾಕೋರಲ್ಲ. ನನ್ ಮ್ಯಾಲೆ ಒಂದಿನ ಕೈ ಎತ್ತಿಲ್ಲ. ಆ ಲುಂಗಿಯೋನ್ನ ಎಲ್ಲಿಂದ ಕರ್ಕಂಡ್ ಬಂದ್ರೋ ನಂಗೊತ್ತಿಲ್ಲ.’

ಯಾರೋ ಕಿಸಕ್ಕೆಂದರು. ಪಾಸ್ಟರ್ ಕೈ ಅಲ್ಲಾಡಿಸಿದರು. ಕೀಬೋರ್ಡಿನವನು ಸ್ತುತಿಯ ಹಾಡೊಂದನ್ನು ಎತ್ತಿಕೊಂಡ, ಅದೇ ನಮ್ಮಪ್ಪನ ಸಿನಿಮಾದ ಮಟ್ಟು. ಮೈಕ್ ಸತ್ತಿತು. ಆದರೆ ಅವ್ವ ಗುಡ್ಡದ ಈ ಬದಿಯಿಂದ ಆ ಬದಿಯ ಆಳುಗಳನ್ನು ಕೂಗಿ ಕರೆದು ಬೆಳೆದವಳು.

‘ಮಗು ಹೋದಾಗ ನಂಗೆ ಕಾಫಿ ತಂದಿಟ್ಟು ಹೋಗೋರು ಕಣ್ರಪ್ಪಾ! ಅಂಥೋರ್ನ ಹಿಂಗೆ ತೋರ್ಸಿದ್ರೆ ದೇವ್ರು ಮೆಚ್ತಾನಾ?’

ಕೆಂಪು ದೀಪ ಆರಿತು. ಅವ್ವನ ಜೀವಮಾನದ ಒಂದೇ ಒಂದು ನಿಜವಾದ ಸಾಕ್ಷಿ ಎಲ್ಲಿಯೂ ರೆಕಾರ್ಡ್ ಆಗಲಿಲ್ಲ. ನಾವಿಬ್ಬರೂ ಮೆಟ್ಟಿಲಿಳಿದಾಗ ನಮ್ಮ ಹಿಂದೆ ಒಬ್ಬರೇ ಎದ್ದು ಬಂದರು: ಅಂಗೈ ಕಪ್ಪಾದ ಆ ಹೆಂಗಸು. ಬಸ್ ಸ್ಟಾಪಿನವರೆಗೂ ಬಂದು, ಬಸ್ಸು ಬರುವವರೆಗೂ ಅವ್ವನ ಕೈ ಹಿಡಿದು ನಿಂತರು. ಅವ್ವ ಆಮೇಲೆ ಎಂದೂ ಆ ಮಹಡಿ ಹತ್ತಲಿಲ್ಲ. ಪ್ರಾರ್ಥನೆ ಬಿಡಲಿಲ್ಲ, ಮನೆಯಲ್ಲೇ ಕುಳಿತು, ಗಟ್ಟಿಯಾಗಿ, ಯಾರ ಮಟ್ಟೂ ಇಲ್ಲದೆ.

ಅವ್ವ ಎಸ್ಟೇಟಿನ ಸಾಹುಕಾರರ ಮನೆಗೂ ಹೋದಳು. ಅವರು ಕಾಫಿಯ ಕಥೆ ಕೇಳಿ ಕೆಮ್ಮು ಬರುವವರೆಗೆ ನಕ್ಕರು. ನಗುವುದು ಸುಲಭ. ಬೀಗದ ಕೈ ವಾಪಸ್ ಬಂತು, ಕೊಯ್ಲು ಮುಗಿದು ಸ್ಟೋರು ಖಾಲಿಯಾದ ಮೇಲೆ. ಖಾಲಿ ಸ್ಟೋರಿನ ಬೀಗದ ಕೈಯನ್ನು ಅಪ್ಪ ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿಲ್ಲ, ಗೂಟಕ್ಕೆ ನೇತುಹಾಕಿದ. ಆ ಶಬ್ದ ನಮ್ಮ ಮನೆಯಲ್ಲಿ ಮತ್ತೆ ಕೇಳಲಿಲ್ಲ.

ಆ ಕೊಯ್ಲು ಪೂರ್ತಿ ಅಪ್ಪ ಕಾಫಿ ಮುಟ್ಟಲಿಲ್ಲ. ಸುತ್ತ ಕಣದ ತುಂಬ ಕಾಫಿ ಒಣಗುತ್ತಿತ್ತು, ಅವನು ಬಿಸಿನೀರು ಕುಡಿಯುತ್ತಿದ್ದ. ಯಾರಾದರೂ ಕೇಳಿದರೆ ‘ಬಿಟ್ಬುಟ್ಟೆ ಕಣ್ರೀ, ಟಿ.ವಿ.ಲೇ ಬಂದೈತಲ್ಲ’ ಎನ್ನುತ್ತಿದ್ದ. ಸುದ್ದಿ ಬಾಳ್ಳುಪೇಟೆಗೂ ಮುಟ್ಟಿತು. ಮುಂದಿನ ಒಂದು ಭಾನುವಾರ ಪಾಸ್ಟರ್ ಅದೇ ಕೇಬಲ್ಲಿನಲ್ಲಿ, ಆ ಸಹೋದರಿಯ ಪತಿಯೂ ಈಗ ಕುಡಿತ ಬಿಟ್ಟಿದ್ದಾರೆ ಎಂದು ಹೇಳಿದರಂತೆ. ಆ ಕಾರ್ಯಕ್ರಮದಲ್ಲಿ ನಮ್ಮ ಮನೆಯ ಬಗ್ಗೆ ಬಂದ ನಿಜವಾದ ವಾಕ್ಯ ಅದೊಂದೇ. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಕೋಪ ಬರಿಸುವುದು. ಸುಳ್ಳನ್ನು ಹೇಳಿದರು, ಆ ಸುಳ್ಳಿನ ಹೊಡೆತಕ್ಕೆ ಒಬ್ಬ ಮನುಷ್ಯ ಬಾಗಿದ, ಬಾಗಿದ್ದನ್ನೇ ತಮ್ಮ ಜಯವೆಂದು ಬರೆದುಕೊಂಡರು.

ನಾನು ಅಪ್ಪನಿಗೆ ಒಪ್ಪಿಕೊಂಡದ್ದು ಮೂರು ತಿಂಗಳ ಮೇಲೆ. ಅಷ್ಟು ದಿನ ಬಾಯಲ್ಲಿ ವಾಕ್ಯಗಳನ್ನು ಹೊರಳಿಸಿ, ಕೊನೆಗೆ ಅವನು ಜಗಲಿಯಲ್ಲಿ ಚಪ್ಪಲಿಗೆ ಮೊಳೆ ಹೊಡೆಯುತ್ತಿದ್ದಾಗ ಹೇಳಿದೆ.

‘ಅಪ್ಪಾ, ಅದು ಅವ್ವ ಅಂದಿದ್ದಲ್ಲ. ನಾನು ಬರೆದದ್ದು.’

‘ಗೊತ್ತು ಮಗಾ.’ ತಲೆ ಎತ್ತಲಿಲ್ಲ. ‘ಕಟಿಂಗ್ ಶಾಪಲ್ಲೇ ಗೊತ್ತಾಯ್ತು. ಕತ್ತಲೆಯ ಕೂಪ ಅಂತ ನಿಮ್ಮವ್ವ ಹೇಳ್ತಾಳಾ? ಎಸೆಸೆಲ್ಸಿಲಿ ಪ್ರಬಂಧ ಬರ್ದಿದ್ಯಲ್ಲ, ಅದ್ರಲ್ಲೂ ಇತ್ತು. ಲೋಟ ಬಂತಲ್ಲ ಅದಕ್ಕೆ. ನಾನೂ ರೈಟ್ರೇ ಕಣೆ, ಯಾರ ಬರಹ ಯಾವುದು ಅಂತ ಗೊತ್ತಾಗ್ತದೆ.’

‘ಮತ್ತೆ ಸಾವ್ಕಾರ್ರಿಗೆ ಯಾಕೆ ಹೇಳ್ಲಿಲ್ಲ?’

‘ಏನಂತ ಹೇಳ್ಲಿ? ಹೆಂಡ್ತಿ ಸುಳ್ಳು ಹೇಳಿಲ್ಲ ಅಂದ್ರೆ ಮಗ್ಳು ಹೇಳಿದ್ಲು ಅನ್ಬೇಕು.’

ನನಗೆ ಅಳು ಬಂತು, ಮುಲಾಮಿಲ್ಲದೆ. ‘ಒಂದು ಲೋಟ ಕಾಫಿ ಮಾಡ್ಲಾ ಅಪ್ಪಾ?’ ಎಂದೆ.

‘ನಿಮ್ಮವ್ವ ಮಾಡ್ಲಿ. ನೀನು ಮಾಡಿದ್ರೆ ಇಲ್ದಿರೋದೆಲ್ಲ ಹಾಕ್ತೀಯ’ ಎಂದ. ಒಳಗಿನಿಂದ ಅವ್ವ ಕೇಳಿಸಿಕೊಂಡಿರಬೇಕು. ಕೂಡಲೇ ಒಲೆಯ ಮೇಲೆ ಪಾತ್ರೆ ಇಟ್ಟ ಸದ್ದಾಯಿತು.

ಅವ್ವ ಈಗ ನನ್ನ ಜೊತೆಗಿದ್ದಾಳೆ. ಹೋದ ತಿಂಗಳು ಆ ವಿಡಿಯೋವನ್ನು ಅವಳಿಗೆ ತೋರಿಸಬೇಕೋ ಬೇಡವೋ ಎಂದು ಎರಡು ದಿನ ಒದ್ದಾಡಿ ಕೊನೆಗೆ ತೋರಿಸಿದೆ. ಇಷ್ಟು ವರ್ಷದಲ್ಲಿ ಅವಳು ಅದನ್ನು ನೋಡಿದ್ದು ಅದೇ ಮೊದಲು. ಲುಂಗಿಯವನು ಬಂದಾಗ ಫೋನನ್ನು ಹತ್ತಿರ ಹಿಡಿದು ದಿಟ್ಟಿಸಿದಳು. ಕೆಳಗೆ ಸಾಲು ಸಾಲಾಗಿ ಆಮೆನ್, ಆಮೆನ್, ಕೈ ಮುಗಿದ ಚಿತ್ರಗಳು.

‘ಇಲ್ಲಿ ಎಲ್ರೂ ಬರೀಬೋದಾ?’

‘ಬರೀಬೋದವ್ವ.’

‘ಹಂಗಾರೆ ನಾ ಹೇಳ್ತೀನಿ, ಬರಿ. ನಾ ಹೇಳ್ದಂಗೇ ಬರಿ.’

ಅವಳು ಹೇಳಿದಳು, ನಾನು ಒತ್ತಿದೆ. ‘ಹಾಕೋರಲ್ಲ’ ಎಂಬುದರ ಕೆಳಗೆ ಫೋನು ಕೆಂಪು ಗೆರೆ ಎಳೆಯಿತು, ತಿದ್ದಲೇ ಎಂದು ಕೇಳಿತು. ಬೇಡವೆಂದೆ. ಮಾರನೆಯ ದಿನ ನೋಡಿದರೆ ವಿಡಿಯೋ ಹಾಕಿದವರು ಅದನ್ನು ತೆಗೆದುಹಾಕಿದ್ದರು. ಮತ್ತೆ ಹಾಕಿದೆ, ಮತ್ತೆ ತೆಗೆದರು. ಮೂರನೇ ಸಲ ನನಗೆ ಬರೆಯಲು ಜಾಗವೇ ಕೊಡಲಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ, ಅವ್ವ ಹೇಳಿದ ಹಾಗೆ, ಒಂದು ಅಕ್ಷರ ಗಟ್ಟಿ ಮಾಡದೆ:

ನಮ್ಮೋರು ಹಾಕೋರಲ್ಲ. ಕುಡಿಯೋರು. ಕಾಫಿ. ಬೆಲ್ಲ ಕಮ್ಮಿ.